ಗಂಟಿನ ಪಕ್ಕದಿಂದ ಎದ್ದವನು

ಅವನು ಸತ್ತ ಸುದ್ದಿಯನ್ನು ಖಾಜಾ ತಂದಾಗ ನಾನು ಬಳ್ಳಾರಿಯ ಕೌಲ್ ಬಜಾರಿನ ನನ್ನ ಅಂಗಡಿಯಲ್ಲಿ ಒಬ್ಬ ರೈತನಿಗೆ ಹಗ್ಗ ಅಳೆದು ಕೊಡುತ್ತಿದ್ದೆ. ಅಳೆಯುವುದನ್ನು ನಿಲ್ಲಿಸಲಿಲ್ಲ. ಮಾರು ಹಾಕಿ, ಕತ್ತರಿಸಿ, ತುದಿ ಬಿಚ್ಚಿಕೊಳ್ಳದ ಹಾಗೆ ದಾರ ಸುತ್ತಿ, ಗಿರಾಕಿಯನ್ನು ಕಳಿಸಿದ ಮೇಲೆಯೇ ಖಾಜಾನ ಮುಖ ನೋಡಿದ್ದು.

"ತಿಪ್ಪಣ್ಣ, ಮೇಸ್ತ್ರಿ ಹೋದ್ನಪ್ಪ. ನಾಳಿ ಕುರುಗೋಡಿನ್ಯಾಗ ಮಣ್ಣು," ಎಂದ.

"ಹೋಗ್ಲಿ ಬಿಡು. ಚಾ ಕುಡಿತೀಯೇನು?" ಎಂದೆ.

ಅಂಗಡಿಯ ಕಟ್ಟೆಯ ಮೇಲೆ ನನ್ನ ತಮ್ಮ ಎರ್ರಿಸ್ವಾಮಿ ಕೂತಿದ್ದ. ಅವನು ದಿನವೂ ಕೂರುವುದು ಅಲ್ಲೇ. ಊರುಗೋಲನ್ನು ಹತ್ತಿರಕ್ಕೆ ಎಳೆದುಕೊಂಡು, "ಮುಂಜಾನಿ ಕುರುಗೋಡಿಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೈತಿ?" ಎಂದು ಖಾಜಾನನ್ನು ಕೇಳಿದ. ನನ್ನನ್ನು ಕೇಳಲಿಲ್ಲ. ನಾನು ಏನು ಹೇಳುತ್ತೇನೆ ಎಂದು ಅವನಿಗೆ ಗೊತ್ತಿತ್ತು.

ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕಂತೆ. ಆಡೋಣ. ಒಳ್ಳೆಯದೂ ಇದೆ, ಅದೇ ತೊಂದರೆ. ಬರೀ ಕೆಟ್ಟವನಾಗಿದ್ದರೆ ಎಂದೋ ಮರೆತುಬಿಡುತ್ತಿದ್ದೆ. ಹೆಸರು ಮಾತ್ರ ಬರೆಯುವುದಿಲ್ಲ, ಮಕ್ಕಳು ಮೊಮ್ಮಕ್ಕಳು ಇದ್ದಾರೆ, ಅವರೇನು ಮಾಡಿದ್ದಾರೆ ಪಾಪ. ನಾವು ಮೇಸ್ತ್ರಿ ಅಂತಲೇ ಕರೆಯುತ್ತಿದ್ದೆವು. ಒಂದು ಕಾಲಕ್ಕೆ ಬಹುವಚನ ಬಿಟ್ಟು ನನ್ನ ಬಾಯಲ್ಲಿ ಬೇರೆ ಮಾತು ಬರುತ್ತಿರಲಿಲ್ಲ. ಈಗ ಬರೆಯುವಾಗ ಏಕವಚನವೇ ಬರುತ್ತಿದೆ, ಅದನ್ನು ತಿದ್ದುವ ಮನಸ್ಸಿಲ್ಲ.

ಕುಳ್ಳ ಆಳು. ಎದೆ ಅಗಲ, ಕಾಲು ತುಸು ಸೊಟ್ಟ. ಹಣೆ ತುಂಬ ವಿಭೂತಿ, ಬಾಯಿ ತುಂಬ ಬೈಗುಳ. ಕುರುಗೋಡಿನ ಗುಡ್ಡದಲ್ಲಿ ಕಲ್ಲು ಒಡೆಯುವವರ ಜೊತೆ ಬೆಳೆದವನು. ನೆಟ್ಟಗೆ ನಿಂತ ಬಂಡೆಯ ಮೈಗೆ ಉಳಿ ಹಾಕಬೇಕಾದರೆ ಒಬ್ಬನ ಸೊಂಟಕ್ಕೆ ಹಗ್ಗ ಕಟ್ಟಿ ಮೇಲಿನಿಂದ ಇಳಿಬಿಡುತ್ತಿದ್ದರು. ಆ ಒಬ್ಬ ಇವನು. "ನಾ ಇಳದ ಬಂಡಿಗೆ ಮ್ಯಾಕಿನೂ ಇಳಿಯಂಗಿಲ್ಲಲೇ" ಎಂದು ಕೊಚ್ಚಿಕೊಳ್ಳುತ್ತಿದ್ದ. ಕೊಚ್ಚಿಕೊಳ್ಳುವುದರಲ್ಲಿ ಅವನಿಗೆ ನಾಚಿಕೆಯೇ ಇರಲಿಲ್ಲ. ಹೊಸ ಊರಿಗೆ ಹೋದರೆ ಚಾದಂಗಡಿಯಲ್ಲಿ ಕೂತು, ಯಾರೂ ಕೇಳದಿದ್ದರೂ, ತಾನು ಇಳಿದ ಬಂಡೆಗಳ ಕಥೆ ಶುರು ಮಾಡುತ್ತಿದ್ದ.

ಕಾಲುವೆ ನೀರು ಬಂದ ಮೇಲೆ ಸಿರುಗುಪ್ಪ ಸೀಮೆಗೆ ಭತ್ತ ಬಂತು, ಭತ್ತದ ಹಿಂದೆ ಗಿರಣಿ ಬಂದವು, ಗಿರಣಿಗೆ ಚಿಮಣಿ ಬಂದವು. ಚಿಮಣಿ ಬಿರುಕು ಬಿಡುತ್ತದೆ, ತಗಡಿನ ಗೋಡೆ ತುಕ್ಕು ಹಿಡಿಯುತ್ತದೆ. ಅಷ್ಟು ಎತ್ತರಕ್ಕೆ ಬೊಂಬು ಕಟ್ಟಿಸುವುದು ಸಾವುಕಾರರಿಗೆ ಮೈಮೇಲೆ ಬರುವ ಖರ್ಚು. ಹಗ್ಗದ ಮೇಲೆ ನೇತಾಡಿ ಆ ಕೆಲಸ ಮಾಡುವವನು ಸಿಕ್ಕರೆ ಯಾರಿಗೆ ಬೇಡ? ಇವನು ಸಿಕ್ಕಿದ. ಅರವತ್ತರ ದಶಕದ ಕೊನೆಯ ಹೊತ್ತಿಗೆ ಸಿರುಗುಪ್ಪದ ಗಿರಣಿಗಳಲ್ಲಿ ಅವನ ಹೆಸರು ಗೊತ್ತಿಲ್ಲದವರು ಇರಲಿಲ್ಲ. ಹಚ್ಚೊಳ್ಳಿಯಿಂದ ಬಂದು ಅಲ್ಲಿ ಮೂಟೆ ಹೊರುತ್ತಿದ್ದ ನಮ್ಮಿಬ್ಬರನ್ನು ಅವನೇ ನೋಡಿ ಕರೆದ. ಎರ್ರಿಸ್ವಾಮಿ ಚೀಲಗಳ ಒಟ್ಟಿಲು ಹತ್ತಿ ತುದಿಯಲ್ಲಿ ಒಂದೇ ಕಾಲಲ್ಲಿ ನಿಂತು ನಗೆಯಾಡುತ್ತಿದ್ದ. "ಯಾರ್ದಲೇ ಈ ಮಂಗ್ಯಾ? ನನಗ ಕೊಡ್ರಿ ಇದನ್ನ," ಎಂದಿದ್ದ ಮೇಸ್ತ್ರಿ.

ಕೆಲಸ ಕಲಿಸುವುದರಲ್ಲಿ ಅವನು ಜಿಪುಣನಲ್ಲ. ಬೈಯುತ್ತಲೇ ಕಲಿಸುತ್ತಿದ್ದ. ಹಗ್ಗವನ್ನು ಮೂಗಿಗೆ ಹಿಡಿದು ನೋಡುವುದು, ಒಂದು ಎಳೆ ಹಲ್ಲಿನಲ್ಲಿ ಕಚ್ಚಿ ನೋಡುವುದು, ಉಯ್ಯಾಲೆಯ ಹಾಗೆ ಹಲಗೆ ಕಟ್ಟಿ ಅದರ ಮೇಲೆ ಕೂತು ಇಳಿಯುವುದು. ಹಗ್ಗವನ್ನು ಯಾರೂ ದಾಟಬಾರದು, ಮಲಗಿದ ಕೂಸನ್ನು ದಾಟಬಾರದಲ್ಲ ಹಾಗೆ. ಕುರುಗೋಡಿನ ಅವನ ಮನೆಯಲ್ಲಿ ಊಟಕ್ಕೆ ಕೂತಾಗ ಅವನ ಹೆಂಡತಿ, ನಾವು ಅಕ್ಕ ಅನ್ನುತ್ತಿದ್ದವಳು, ರೊಟ್ಟಿ ಬಡಿಸುತ್ತ ಹೇಳಿದ್ದಳು: "ಈ ಮನ್ಷಾ ಬೇಕಾದ್ರ ನನ್ನ ದಾಟಿ ಹೋಗ್ತಾನಪ್ಪ, ಹಗ್ಗ ಮಾತ್ರ ದಾಟಂಗಿಲ್ಲ." ಮೇಸ್ತ್ರಿ ಅದನ್ನೂ ಹೊಗಳಿಕೆ ಅಂತಲೇ ತಿಳಿದು ಮೀಸೆ ತಿರುವಿದ.

ಎಲ್ಲಕ್ಕಿಂತ ದೊಡ್ಡ ನಿಯಮ ಗಂಟಿನದು. ಒಬ್ಬ ಹಗ್ಗದಲ್ಲಿ ಇಳಿದರೆ, ಹಗ್ಗ ಕಟ್ಟಿದ ಗಂಟಿನ ಪಕ್ಕದಲ್ಲಿ ಮೇಲೆ ಇನ್ನೊಬ್ಬ ಕೂರಲೇಬೇಕು. ಗೋಡೆಯ ಅಂಚು ಹಗ್ಗವನ್ನು ತಿನ್ನದ ಹಾಗೆ ಅಡಿಗೆ ಗೋಣಿ ತಟ್ಟು ಇಟ್ಟು, ಅದು ಜರುಗಿದ ಹಾಗೆಲ್ಲ ಸರಿ ಮಾಡುತ್ತಿರಬೇಕು. ಇಳಿಯುವವನು ತನ್ನ ಚಪ್ಪಲಿಯನ್ನು ಗಂಟಿನ ಪಕ್ಕ ಬಿಟ್ಟು ಹೋಗುತ್ತಾನೆ. ಕಾಲು ನೆಲಕ್ಕೆ ತಾಗಿದಾಗ ಕತ್ತೆತ್ತಿ "ನೆಲ ಸಿಕ್ತೂ!" ಎಂದು ಕೂಗುತ್ತಾನೆ. ಆ ಕೂಗು ಕಿವಿಗೆ ಬಿದ್ದ ಮೇಲೆಯೇ ಕೂತವನು ಏಳಬೇಕು, ಎದ್ದು ಆ ಚಪ್ಪಲಿ ಹಿಡಿದು ಕೆಳಗೆ ಬರಬೇಕು. ಅಲ್ಲಿಯವರೆಗೆ ಹಾವು ಬಂದರೂ ಏಳುವ ಹಾಗಿಲ್ಲ, ಉಚ್ಚೆ ಬಂದರೂ ಏಳುವ ಹಾಗಿಲ್ಲ. ಬೇರೆ ಗಂಟಿಗೆ ಬೆಂಕಿ ಬಿದ್ದರೂ ತನ್ನ ಗಂಟು ಬಿಡುವ ಹಾಗಿಲ್ಲ.

ಸಿರುಗುಪ್ಪದ ಒಬ್ಬ ಗಿರಣಿ ಸಾವುಕಾರ ಇದಕ್ಕೆ ತಕರಾರು ತೆಗೆದ. "ಕೂರ್ಚುನ್ನೋಡಿಕಿ ಕೂಲಿ ಎಂದುಕಯ್ಯಾ?" ಎಂದು ತೆಲುಗಿನಲ್ಲಿ ನಕ್ಕ. ಸುಮ್ಮನೆ ಕೂತವನಿಗೂ ಕೂಲಿ ಯಾಕೆ ಅಂತ. ಮೇಸ್ತ್ರಿ ತೆಲುಗು ಚೆನ್ನಾಗಿ ಬಲ್ಲವನು, ಆದರೆ ಬೇಕೆಂದೇ ಕನ್ನಡದಲ್ಲಿ ಹೇಳಿದ: "ಕೆಳಗ ನೇತಾಡಾಂವ ಬರೀ ಮೈ ರೀ ಸಾವ್ಕಾರ್ರ. ಅವನ ಜೀವ ಮ್ಯಾಲ ಕುಂತಿರತೈತಿ. ಮೈಗೆ ಕೂಲಿ ಕೊಟ್ಟು ಜೀವಕ್ಕ ಕೊಡಲ್ಲ ಅಂದ್ರ ನಾವು ಬರಂಗಿಲ್ಲ." ಹಗ್ಗ ಸುತ್ತಿಕೊಂಡು ಹೊರಟೇಬಿಟ್ಟ. ಹಿಂದಿನಿಂದ ಯಾರಾದರೂ ಕರೆಯಲು ಬಂದಾರು ಅಂತ ನಾವು ತಿರುತಿರುಗಿ ನೋಡಿದೆವು, ಯಾರೂ ಬರಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಒಗ್ಗಾಣಿ ಮಿರ್ಚಿ ಕೊಡಿಸಿದ. ಆ ದಿನ ಆ ಮನುಷ್ಯನ ಕಾಲಿಗೆ ಬೀಳಬೇಕು ಅನ್ನಿಸಿತ್ತು ನನಗೆ. ಅದನ್ನು ನೆನೆಸಿಕೊಂಡರೆ ಈಗ ಹೊಟ್ಟೆ ಉರಿಯುತ್ತದೆ.

ಖಾಜಾನ ಕಥೆಯನ್ನೂ ಹೇಳಬೇಕು. ಅವನು ಕೌಲ್ ಬಜಾರಿನವನು, ನಾವು ಬಳ್ಳಾರಿಗೆ ಬಂದ ಮೇಲೆ ಗುಂಪಿಗೆ ಸೇರಿದವನು. ಒಂದು ಸಲ ಗಂಟಿನ ಪಕ್ಕ ಕೂತಿದ್ದಾಗ ಕೆಳಗೆ ಚಾ ಬಂತು ಅಂತ ಎದ್ದು ನಾಲ್ಕು ಮೆಟ್ಟಿಲು ಇಳಿದ. ಹಗ್ಗದಲ್ಲಿದ್ದವನಿಗೆ ಏನೂ ಆಗಲಿಲ್ಲ. ಆದರೂ ಮೇಸ್ತ್ರಿ ಎಲ್ಲರ ಮುಂದೆ ಅವನ ಕಪಾಳಕ್ಕೆ ಬಾರಿಸಿದ. "ನಿನ್ನ ಚಾದಾಗ ಅವನ ಹೆಣ ಅದ್ದಿಕೊಂಡು ಕುಡಿ," ಎಂದ. ಆ ಬೇಸಿಗೆ ಪೂರ್ತಿ ಕೆಲಸಕ್ಕೆ ಕರೆಯಲಿಲ್ಲ. ಮಳೆಗಾಲದಲ್ಲಿ ಖಾಜಾನ ತಾಯಿ ಬಂದು ಕೇಳಿಕೊಂಡ ಮೇಲೆ ಕರೆದ. ಅಂದಿನಿಂದ ಖಾಜಾ ಗಂಟಿಗೆ ಕೂತರೆ ನೊಣ ಹೊಡೆಯುವುದಕ್ಕೂ ಕೈ ಎತ್ತುತ್ತಿರಲಿಲ್ಲ.

ಬಳ್ಳಾರಿಯ ಒಂದು ಹತ್ತಿ ಗಿರಣಿಯಲ್ಲಿ ನಮಗೆ ವರ್ಷವೂ ಕೆಲಸ ಇರುತ್ತಿತ್ತು. ಯಾವ ಗಿರಣಿ ಅನ್ನುವುದು ಬೇಡ. ಅಲ್ಲಿಯ ಹಾಜರಿಯಲ್ಲಿ ನಮ್ಮನ್ನು ಸುಣ್ಣದವರು ಎಂದು ಕರೆಯುತ್ತಿದ್ದರು. ಮೇಸ್ತ್ರಿಗೆ ಅದು ಮೈಯೆಲ್ಲ ತುರಿಕೆ. "ಸುಣ್ಣ ಯಾರರ ಬಳೀತಾರ. ನಾವು ಹಗ್ಗದವರು. ನಮ್ಮ ಕೆಲಸಕ್ಕ ಒಂದು ಹೆಸರು ಬೇಕು, ಒಂದು ಹುದ್ದಿ ಬೇಕು," ಎನ್ನುತ್ತಿದ್ದ. ಗಿರಣಿಯ ಮ್ಯಾನೇಜರ ಅವನನ್ನು ಹಗ್ಗದ ಮೇಸ್ತ್ರಿ ಅಂತ ಖಾಯಂ ಮಾಡಿಸುತ್ತೇನೆ ಎಂದು ಮಾತು ಕೊಟ್ಟಿದ್ದ. ಇವನು ಖಾಯಂ ಆದರೆ ನಮ್ಮನ್ನೂ ಒಬ್ಬೊಬ್ಬರಾಗಿ ಒಳಗೆ ಎಳೆದುಕೊಳ್ಳುವುದು ಎಂಬುದು ಲೆಕ್ಕ. ಪ್ರತಿ ವರ್ಷ ಮಾತು, ಪ್ರತಿ ವರ್ಷ ಮುಂದಿನ ವರ್ಷ. ಮೇಸ್ತ್ರಿಯ ಮೀಸೆ ಅಷ್ಟರಲ್ಲಿ ಬೆಳ್ಳಗಾಗಿತ್ತು. ಮೊಣಕಾಲು ನೋವಿಗೆ ರಾತ್ರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ. ಇನ್ನೆಷ್ಟು ದಿನ ನೇತಾಡಿಯೇನು ಎಂಬ ಭಯ ಅವನಿಗೆ ಹುಟ್ಟಿತ್ತು ಅಂತ ನಾನು ಬಲ್ಲೆ. ಇಷ್ಟನ್ನೂ ಅವನ ಪರವಾಗಿ ಹೇಳುತ್ತಿದ್ದೇನೆ, ನೆನಪಿರಲಿ.

ಆ ದಿನ ಗಿರಣಿಯ ಎತ್ತರದ ನೀರಿನ ಟ್ಯಾಂಕಿಗೆ ಬಣ್ಣ ಹಚ್ಚುತ್ತಿದ್ದೆವು. ತಗಡಿನ ಟ್ಯಾಂಕು, ಮೇಲಿನ ಅಂಚು ಕತ್ತಿಯ ಹಾಗೆ. ಒಂದು ಕಡೆ ನಾನು ಹಗ್ಗದಲ್ಲಿ, ನನ್ನ ಗಂಟಿಗೆ ಖಾಜಾ. ಆ ಕಡೆ ಎರ್ರಿಸ್ವಾಮಿ, ಅವನ ಗಂಟಿಗೆ ಮೇಸ್ತ್ರಿ. ಮುಂದೆ ನಡೆದದ್ದನ್ನು ನಾನು ನೋಡಿಲ್ಲ, ಖಾಜಾ ನೋಡಿದ್ದು. ಗಿರಣಿಯ ಜವಾನ ಏಣಿ ಹತ್ತಿ ಬಂದು ಮೇಸ್ತ್ರಿಗೆ ಹೇಳಿದನಂತೆ: "ಸಾಹೇಬ್ರು ಕರಿತಾರ, ಖಾಯಂ ಆರ್ಡರ್ ಬಂದೈತಿ, ಅವ್ರು ಈಗ ರೈಲಿಗೆ ಹೊಂಟಾರ, ಲಗೂನ ಬರ್ಬೇಕಂತ."

ಮೇಸ್ತ್ರಿ ಗಂಟನ್ನು ನೋಡಿದ, ಜವಾನನನ್ನು ನೋಡಿದ. ಗೋಣಿ ತಟ್ಟನ್ನು ಹಗ್ಗದ ಕೆಳಗೆ ಇನ್ನೊಂದು ಮಡಿಕೆ ಮಾಡಿ ತುರುಕಿದ. ಖಾಜಾನ ಕಡೆ ತಿರುಗಿ, "ಈಗ ಬಂದೆ. ನೀ ನಿನ್ನ ಗಂಟು ಬಿಟ್ಟು ಏಳಬ್ಯಾಡ," ಎಂದು ಹೇಳಿ ಎದ್ದು ಹೋದ.

ಹಗ್ಗ ಅತ್ತಿತ್ತ ಆಡಿದ ಹಾಗೆ ಗೋಣಿ ಜರುಗುತ್ತ ಬಂದದ್ದು ಖಾಜಾನಿಗೆ ಕಾಣುತ್ತಿತ್ತು. ಕೂಗಿದ. ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಎದ್ದು ಆ ಬದಿಗೆ ಹೋಗುವುದು ಎಷ್ಟು ಹೊತ್ತಿನ ಕೆಲಸ? ಅವನು ಏಳಲಿಲ್ಲ. ನನ್ನ ಹಗ್ಗದ ಮೇಲೆ ಕೈಯಿಟ್ಟುಕೊಂಡು, ನನ್ನ ಚಪ್ಪಲಿಯ ಪಕ್ಕ ಕೂತು, ನನ್ನ ತಮ್ಮನ ಹಗ್ಗ ಎಳೆ ಎಳೆಯಾಗಿ ಕತ್ತರಿಸಿಹೋಗುವುದನ್ನು ನೋಡಿದ. ಯಾವನ ಕೈಲಿ ಕಪಾಳಕ್ಕೆ ತಿಂದು ಈ ನಿಯಮ ಕಲಿತಿದ್ದನೋ ಅವನೇ ಅದನ್ನು ಮುರಿದು ಹೋಗಿದ್ದ, ಕಲಿತವನು ಪಾಲಿಸಿದ. ಖಾಜಾನನ್ನು ನಾನು ಎಂದೂ ಬೈದಿಲ್ಲ. ಅವನು ಎದ್ದಿದ್ದರೆ ಎರ್ರಿಸ್ವಾಮಿ ಉಳಿಯುತ್ತಿದ್ದನೋ, ನಾನು ಬೀಳುತ್ತಿದ್ದೆನೋ ಯಾರಿಗೆ ಗೊತ್ತು. "ಎದ್ದು ಹೋಗಬೇಕಿತ್ತೇನೋ ಭಾಯ್," ಎಂದು ಇವತ್ತಿಗೂ ಅಂಗಡಿಗೆ ಬಂದಾಗ ಹೇಳುತ್ತಾನೆ. ಹೇಳಿ ಎರ್ರಿಸ್ವಾಮಿಯ ಪಕ್ಕವೇ ಕೂರುತ್ತಾನೆ.

ತಮ್ಮ ಕೆಳಗಿನ ಷೆಡ್ಡಿನ ತಗಡಿನ ಮೇಲೆ ಬಿದ್ದು, ಅದನ್ನು ಹರಿದುಕೊಂಡು ಕಲ್ಲಿದ್ದಲ ರಾಶಿಗೆ ಬಿದ್ದ. ಜೀವ ಉಳಿಯಿತು. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ಬರುವ ವೈಶಾಖಕ್ಕೆ ಅವನ ಮದುವೆ ಎಂದು ಮಾತಾಗಿತ್ತು. ಹೆಣ್ಣಿನ ಕಡೆಯವರು ಒಳ್ಳೆಯವರು, ಆಸ್ಪತ್ರೆಗೆ ಬಂದು ಅತ್ತು ಹೋದರು. ಆಮೇಲೆ ಬರಲಿಲ್ಲ.

ಮೇಸ್ತ್ರಿಯೂ ಆಸ್ಪತ್ರೆಗೆ ಬಂದ. ಕೈಯಲ್ಲಿ ಎರ್ರಿಸ್ವಾಮಿಯ ಚಪ್ಪಲಿ. ಟ್ಯಾಂಕಿನ ಮೇಲೆ ಉಳಿದಿದ್ದನ್ನು ಹತ್ತಿ ತಂದಿದ್ದ. ಎರಡನ್ನೂ ತಂದಿದ್ದ. ಮಂಚದ ಕೆಳಗೆ ಜೋಡಿಸಿ ಇಟ್ಟು ತಲೆ ತಗ್ಗಿಸಿ ನಿಂತ. "ಒಂದು ಸಾಕಾಗಿತ್ತು," ಎಂದೆ ನಾನು. ಅವನು ಹೊರಗೆ ಹೋದ.

ಗಿರಣಿಯವರು ವಿಚಾರಣೆ ಅಂತ ಒಂದು ನಾಟಕ ಮಾಡಿದರು. ಕಂಟ್ರಾಕ್ಟ್ ಆಳು ನಮ್ಮವನಲ್ಲ ಎಂದರು. ಮೇಸ್ತ್ರಿ ಆಗ ಅವರವನು, ಖಾಯಂ ಆದವನು. ಹೇಗಾಯಿತು ಎಂದು ಕೇಳಿದಾಗ ಅವನು ಹೇಳಿದ್ದು ಇಷ್ಟೇ: "ಗೋಣಿ ಜಾರಿತ್ರಿ." ಸುಳ್ಳಲ್ಲ, ನಿಜವೇ. ಗೋಣಿಗೇನು ಕಾಲಿತ್ತೇ ಜಾರಿಕೊಂಡು ಹೋಗುವುದಕ್ಕೆ? ಕಾಲಿದ್ದವನು ಎದ್ದು ಹೋಗಿದ್ದ ಅನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ನಾನು ಕೂಗಾಡಿದೆ. ನನ್ನ ಭುಜ ಹಿಡಿದು ಹೊರಗೆ ಕಳಿಸಿದರು. ಅಂದಿಗೆ ಹಗ್ಗದ ಕೆಲಸ ಬಿಟ್ಟೆ. ಖಾಜಾ ಆಟೋ ಓಡಿಸಲು ಹೋದ. ಮೇಸ್ತ್ರಿ ಇಷ್ಟು ವರ್ಷ ಕಷ್ಟಪಟ್ಟು ಕಟ್ಟಿದ್ದ ಗುಂಪು ಒಂದು ಹಗಲಲ್ಲಿ ಮುಗಿಯಿತು.

ಅವನಿಗೆ ಸಿಕ್ಕ ಹುದ್ದೆ ಯಾವುದು ಗೊತ್ತೇ? ಹಗ್ಗದ ಮೇಸ್ತ್ರಿ ಅಲ್ಲ. ಹಾಗೊಂದು ಹುದ್ದೆಯೇ ಇಲ್ಲವಂತೆ. ವಾಚ್‌ಮನ್. ಆ ದಿನ ಮ್ಯಾನೇಜರನ ಕೋಣೆಯಲ್ಲಿ ನಿಂತಾಗಲೇ ಅವನಿಗೆ ತಿಳಿದದ್ದು. ಬೇಡ ಎಂದು ಬಂದಿದ್ದರೆ ಗೋಣಿ ಜಾರುವ ಮೊದಲೇ ಮೇಲೆ ಬಂದಿರುತ್ತಿದ್ದ. ಬೇಡ ಅನ್ನಲಿಲ್ಲ. ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ, ಸಾಹೇಬರ ಪೆಟ್ಟಿಗೆಯನ್ನು ಕಾರಿನವರೆಗೆ ಹೊತ್ತುಕೊಟ್ಟು, ಆಮೇಲೆ ಬಂದ. ಇದನ್ನು ಜವಾನ ಹೇಳಿದ್ದು.

ಮುಂದೆ ಎಷ್ಟೋ ಸಲ ಆ ಗೇಟಿನ ಮುಂದೆ ಹಾದು ಹೋಗಿದ್ದೇನೆ. ಖಾಕಿ ಅಂಗಿ ಹಾಕಿ ಸ್ಟೂಲಿನ ಮೇಲೆ ಕೂತಿರುತ್ತಿದ್ದ. ಕಾರು ಬಂದರೆ ಏಳುವುದು, ಸಲಾಮು ಹೊಡೆಯುವುದು, ಕೂರುವುದು. ಲಾರಿ ಬಂದರೆ ಏಳುವುದು, ಕೂರುವುದು. ಹಾವು ಬಂದರೂ ಏಳಬಾರದು ಎಂದು ನಮಗೆ ಕಲಿಸಿದವನಿಗೆ ದಿನವಿಡೀ ಎದ್ದು ಕೂರುವ ಕೆಲಸ. ನನಗೆ ಖುಷಿಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅಮಾವಾಸ್ಯೆ ದಿನ ಹಗ್ಗದವರು ಮೇಲೆ ಹತ್ತುವುದಿಲ್ಲ, ಹಗ್ಗ ಬಿಚ್ಚಿ ಹರಡಿ, ನೋಡಿ, ವಿಭೂತಿ ಹಚ್ಚಿ ಇಡುತ್ತಾರೆ. ಗೇಟು ಕಾಯುವವನಿಗೆ ಎಂಥ ಅಮಾವಾಸ್ಯೆ? ಆದರೂ ಅವನು ಅಮಾವಾಸ್ಯೆಗೆ ರಜೆ ಹಾಕಿ ನನ್ನ ಅಂಗಡಿಗೆ ಬರುತ್ತಿದ್ದ. ನನ್ನ ಕಡೆ ನೋಡುತ್ತಿರಲಿಲ್ಲ. ಕಟ್ಟೆಯ ಮೇಲೆ ಕೂತ ಎರ್ರಿಸ್ವಾಮಿಯ ಮುಂದೆ ನಿಂತು ಕೇಳುತ್ತಿದ್ದ:

"ಎರ್ರಿಸ್ವಾಮಿ, ಒಂದ್ಸಲ ನೆಲ ಸಿಕ್ತು ಅನ್ನಪ್ಪ."

ಕೂಗು ಕೇಳದೆ ಗಂಟಿನ ಪಕ್ಕ ಕೂತವನ ಕೆಲಸ ಮುಗಿಯುವುದಿಲ್ಲವಲ್ಲ. ಅದಕ್ಕೆ. ಎದ್ದು ಹೋದವನಿಗೆ ಅದು ಆಮೇಲೆ ನೆನಪಾಗಿತ್ತು.

ಎರ್ರಿಸ್ವಾಮಿ ಬೈಯುತ್ತಿರಲಿಲ್ಲ, ಮುಖ ತಿರುಗಿಸುತ್ತಿರಲಿಲ್ಲ. ಅದೇ ಮರ್ಯಾದೆಯಿಂದ ಹೇಳುತ್ತಿದ್ದ: "ಇನ್ನೂ ಸಿಕ್ಕಿಲ್ರಿ ಮೇಸ್ತ್ರಿ."

ಮೇಸ್ತ್ರಿ ಹೂಂ ಎಂದು ತಲೆಯಾಡಿಸಿ ಹೋಗುತ್ತಿದ್ದ. ಮುಂದಿನ ಅಮಾವಾಸ್ಯೆಗೆ ಮತ್ತೆ. ಅವನು ರಿಟೈರ್ ಆಗಿ ಕುರುಗೋಡು ಸೇರಿದ ಮೇಲೂ ಬಸ್ಸು ಹಿಡಿದು ಬರುತ್ತಿದ್ದ, ಅದೇ ಪ್ರಶ್ನೆ, ಅದೇ ಉತ್ತರ. ಒಮ್ಮೆ ಮಾತ್ರ ಅವನ ಕಣ್ಣಲ್ಲಿ ನೀರು ಬಂತು. ಎರ್ರಿಸ್ವಾಮಿ ಅದನ್ನು ನೋಡಿ ಬೀದಿಯ ಕಡೆ ತಿರುಗಿದ. ಈ ಕಳೆದ ಕೆಲವು ಅಮಾವಾಸ್ಯೆ ಅವನು ಬರಲಿಲ್ಲ. ಹಾಸಿಗೆ ಹಿಡಿದಿದ್ದಾನೆ ಎಂದು ಆಮೇಲೆ ತಿಳಿಯಿತು.

ಕುರುಗೋಡಿಗೆ ನಾನು ಹೋದದ್ದು ತಮ್ಮನಿಗೆ ಬಸ್ಸು ಹತ್ತಿಸಿ ಇಳಿಸಲು. ಮನೆಯ ಮುಂದೆ ಮೇಸ್ತ್ರಿಯನ್ನು ಅವರ ಪದ್ಧತಿಯಂತೆ ಕೂರಿಸಿದ್ದರು. ಹಣೆಗೆ ವಿಭೂತಿ, ಕೊರಳಿಗೆ ಹೂವು. ಅಕ್ಕ ನನ್ನನ್ನು ನೋಡಿ, "ನಿನ್ನ ತಮ್ಮನ ಹೆಸರು ಕರಕೋತ ಹೋದ್ನಪ್ಪ," ಎಂದು ಅತ್ತಳು. ಹೊರಡುವಾಗ ಬಾಗಿಲ ಬಳಿ ಇದ್ದ ಮೇಸ್ತ್ರಿಯ ಹಳೆಯ ಚಪ್ಪಲಿ ಜೋಡನ್ನು ಎರ್ರಿಸ್ವಾಮಿ ಬಗ್ಗಿ ಎತ್ತಿಕೊಂಡ. ಊರುಗೋಲು ಒಂದು ಕೈಲಿ, ಚಪ್ಪಲಿ ಒಂದು ಕೈಲಿ, ಎಲ್ಲರ ಹಿಂದೆ ಕುಂಟುತ್ತ ಬಂದ.

ಗುಣಿಯ ಹತ್ತಿರ ಎಲ್ಲರೂ ನಿಂತಿದ್ದರು. ಎರ್ರಿಸ್ವಾಮಿ ಅಂಚಿನಲ್ಲಿ ಕೂತ, ಚಪ್ಪಲಿಯನ್ನು ಪಕ್ಕದಲ್ಲಿ ಇಟ್ಟುಕೊಂಡ. ಯಾರೋ ಹಿರಿಯರು, "ಅಲ್ಲಿ ಕುಂದ್ರಬಾರ್ದಪ್ಪ, ಏಳು," ಎಂದರು.

"ಅವ್ರು ಇಳಿಯೋತನ ನಾ ಏಳಂಗಿಲ್ರಿ," ಎಂದ.

ಮೇಸ್ತ್ರಿಯನ್ನು ಹಿಡಿದು ಮೆಲ್ಲಗೆ ಇಳಿಸಿ ಒಳಗೆ ಕೂರಿಸಿದರು. ಜಂಗಮರು ಪತ್ರೆ ಹಾಕಲು ಕೈ ಎತ್ತಿದ್ದರು. ಎರ್ರಿಸ್ವಾಮಿ ಕತ್ತೆತ್ತಿ, ಎದೆಯಲ್ಲಿದ್ದ ಉಸಿರನ್ನೆಲ್ಲ ಸೇರಿಸಿ, ಹಿಂದೆ ಚಿಮಣಿಯ ಬುಡದಲ್ಲಿ ನಿಂತು ಕೂಗುತ್ತಿದ್ದ ಹಾಗೆ ಕೂಗಿದ: "ನೆಲ ಸಿಕ್ತೂ!"

ಜನ ಬೆಚ್ಚಿದರು. ಜಂಗಮರು ಕೈ ಹಾಗೇ ಹಿಡಿದು ನಿಂತರು. ಎರ್ರಿಸ್ವಾಮಿ ನನ್ನ ಕಡೆ ಕೈ ಚಾಚಿದ, ಎಬ್ಬಿಸಿದೆ. ಚಪ್ಪಲಿಯನ್ನು ಅಕ್ಕನ ಕೈಗೆ ಕೊಟ್ಟ. ಎಲ್ಲರೂ ಹಿಡಿ ಮಣ್ಣು ಹಾಕಿದರು. ನಾನು ಹಾಕಲಿಲ್ಲ.

ವಾಪಸ್ ಬಸ್ಸಿನಲ್ಲಿ ನನಗೆ ತಡೆಯಲಾಗಲಿಲ್ಲ. "ಅಷ್ಟು ಅಮಾಸಿ ಬಂದು ಬೇಡಿಕೊಂಡಾಗ ಕೊಡಲಾರದ ಮಾತು, ಸತ್ತ ಮ್ಯಾಲ ಪುಗಸಟ್ಟೆ ಕೊಟ್ಟೆಲ್ಲಲೇ," ಎಂದೆ.

ಎರ್ರಿಸ್ವಾಮಿ ಕಿಟಕಿಯಿಂದ ಕುರುಗೋಡಿನ ಗುಡ್ಡ ನೋಡುತ್ತಿದ್ದ.

"ಅವ ಬೇಡಿದ್ದು ನಂದು. ನಾ ಕೂಗಿದ್ದು ಅವಂದು," ಎಂದ. "ಅವಗ ನೆಲ ಸಿಕ್ತು, ಕೂಗಿದೆ. ನಂದು ಸಿಕ್ಕರೂ ಇನ್ನ ಯಾರಿಗೆ ಕೂಗ್ಲಿ ಅಣ್ಣ? ಮ್ಯಾಲ ಯಾರೂ ಕುಂತಿಲ್ಲ."